ಹುಟ್ಟಿದ ತಿಂಗಳಿಗೂ ಸ್ಕಿಜೋಫ್ರೇನಿಯಾಗೂ ಏನು ಸಂಬಂಧ?

ಟೈಟಲ್ ನೋಡಿದ ತಕ್ಷಣ ನಿಮ್ಮ ಬರ್ತ್‌ಡೇ ನೆನಪಿಸಿಕೊಂಡು ಗಾಬರಿಯಾಗಬೇಡಿ. ಇವತ್ತಿನದು ಜಾತಕದ ವಿಷಯ ಅಲ್ಲ, ಲೆಕ್ಕದ ವಿಷಯ.

1929ರಲ್ಲಿ ಸ್ವಿಟ್ಜರ್ಲೆಂಡ್‌ನ ಮನೋವೈದ್ಯ ಮೋರಿಟ್ಜ್ ಟ್ರಾಮರ್ ಒಂದು ವಿಚಿತ್ರ ಗಮನಿಸಿದರು. ತೀವ್ರ ಮಾನಸಿಕ ಕಾಯಿಲೆ ಇದ್ದವರಲ್ಲಿ ಚಳಿಗಾಲದಲ್ಲಿ ಹುಟ್ಟಿದವರು ಸ್ವಲ್ಪ ಜಾಸ್ತಿ ಇದ್ದರು. ಆಮೇಲೆ ದೇಶ ದೇಶದಲ್ಲೂ ಎಣಿಸಿದ್ದೇ ಎಣಿಸಿದ್ದು. 1997ರಲ್ಲಿ ಫುಲ್ಲರ್ ಟೋರಿ ಮತ್ತು ಸಂಗಡಿಗರು 250ಕ್ಕೂ ಹೆಚ್ಚು ಅಧ್ಯಯನಗಳನ್ನ ಒಟ್ಟಿಗೆ ನೋಡಿದರು. ಉತ್ತರ ಗೋಳಾರ್ಧದಲ್ಲಿ ಸಿಕ್ಕ ಹೆಚ್ಚಳ 5ರಿಂದ 8%. ಅಂದ್ರೆ ಚಳಿಗಾಲ, ವಸಂತದಲ್ಲಿ ಹುಟ್ಟಿದವರಲ್ಲಿ 100 ರೋಗಿಗಳು ಇರಬೇಕಾದ ಕಡೆ 105-108 ಜನ. ಅಷ್ಟೇ!

ಕೆಲವರು ಒಪ್ಪಲಿಲ್ಲ. ಜನವರಿಯಲ್ಲಿ ಹುಟ್ಟಿದವರು ಅದೇ ವರ್ಷ ಡಿಸೆಂಬರ್‌ನಲ್ಲಿ ಹುಟ್ಟಿದವರಿಗಿಂತ ದೊಡ್ಡವರು, ಕಾಯಿಲೆ ಕಾಣಿಸಿಕೊಳ್ಳೋಕೆ ಅವರಿಗೆ ಹೆಚ್ಚು ಸಮಯ ಸಿಕ್ಕಿರುತ್ತೆ ಅಂದ್ರು. ಒಳ್ಳೇ ಪಾಯಿಂಟ್.

ಇದಕ್ಕೆ ಡೆನ್ಮಾರ್ಕ್ ಬೇಕಾಯ್ತು. ಅಲ್ಲಿ 1968ರಿಂದ ಪ್ರತಿಯೊಬ್ಬರಿಗೂ ಒಂದು ನಂಬರ್ ಇದೆ. (ನಮ್ಮ ಅಜ್ಜಂದಿರಲ್ಲಿ ಎಷ್ಟೋ ಜನರ ಬರ್ತ್‌ಡೇ ಶಾಲೆ ದಾಖಲೆಯಲ್ಲಿ ಜೂನ್ 1! ಇಂಥ ಲೆಕ್ಕಕ್ಕೆ ಅದು ಆಗಲ್ಲ.) ಪ್ರೀಬೆನ್ ಬೋ ಮೊರ್ಟೆನ್‌ಸೆನ್ ತಂಡ ಜನಸಂಖ್ಯೆಯ ದಾಖಲೆಯನ್ನೂ ಮಾನಸಿಕ ಆಸ್ಪತ್ರೆಗಳ ದಾಖಲೆಯನ್ನೂ ಆ ನಂಬರ್ ಹಿಡಿದು ಟ್ಯಾಲಿ ಮಾಡಿತು. 17.5 ಲಕ್ಷ ಜನ, ಅವರಲ್ಲಿ 2,669 ರೋಗಿಗಳು. ವಯಸ್ಸನ್ನೂ ಲೆಕ್ಕಕ್ಕೆ ತಗೊಂಡು 1999ರಲ್ಲಿ ಫಲಿತಾಂಶ ಕೊಟ್ಟರು: ಅಪಾಯ ಫೆಬ್ರುವರಿ, ಮಾರ್ಚ್‌ನಲ್ಲಿ ಹುಟ್ಟಿದವರಿಗೆ ಜಾಸ್ತಿ, ಆಗಸ್ಟ್, ಸೆಪ್ಟೆಂಬರ್‌ನವರಿಗೆ ಕಡಿಮೆ.

ಕಾಮರ್ಸ್ ಓದಿದ ನನಗೆ ಕುತೂಹಲ ಹುಟ್ಟಿಸಿದ್ದು ಮುಂದಿನದು. ತಾಯಿಗೆ ಈ ಕಾಯಿಲೆ ಇದ್ದರೆ ಮಗುವಿಗೆ ಅಪಾಯ ಸುಮಾರು 9 ಪಟ್ಟು. ಆದ್ರೂ ಇಡೀ ದೇಶದ ಲೆಕ್ಕದಲ್ಲಿ ಕುಟುಂಬದ ಹಿನ್ನೆಲೆಯ ಪಾಲು 5.5%, ಹುಟ್ಟಿದ ಋತುವಿನ ಪಾಲು 10.5%! ಹೇಗೆ? ಅಂಥ ಕುಟುಂಬಗಳು ಕಡಿಮೆ. ಹುಟ್ಟಿದ ತಿಂಗಳು ಮಾತ್ರ ಎಲ್ಲರಿಗೂ ಇರುತ್ತೆ. ಚಿಕ್ಕ ಅಪಾಯವೂ ಲಕ್ಷಾಂತರ ಜನರ ಮೇಲೆ ಹರಡಿದಾಗ ಮೊತ್ತ ದೊಡ್ಡದಾಗುತ್ತೆ. ಒಬ್ಬ ವ್ಯಕ್ತಿಯ ಬಗ್ಗೆ ಅದು ಹೆಚ್ಚೇನೂ ಹೇಳಲ್ಲ. ಹಾಗಾಗಿ ‘ಆ ತಿಂಗಳಲ್ಲಿ ಯಾಕೆ ಹೆತ್ತೆ’ ಅಂತ ಯಾರಾದ್ರೂ ಒಬ್ಬ ತಾಯಿಯನ್ನ ಕೇಳಿದರೆ, ಅವರಿಗೆ ಈ ಲೆಕ್ಕ ಅರ್ಥವೇ ಆಗಿಲ್ಲ.

ಕಾರಣ? ಗರ್ಭದಲ್ಲಿದ್ದಾಗ ತಾಯಿಗೆ ಬಂದ ಫ್ಲೂ, ಬಿಸಿಲಿಲ್ಲದೆ ಕಡಿಮೆಯಾದ ವಿಟಮಿನ್ ಡಿ ಅಂತ ಅನುಮಾನಗಳಿವೆ. ಯಾವುದೂ ಸಾಬೀತಾಗಿಲ್ಲ. ಆದ್ರೆ ಸಮಭಾಜಕ ರೇಖೆ ಹತ್ತಿರದ, ಚಳಿಗಾಲವೇ ಇಲ್ಲದ ಸಿಂಗಾಪುರದಲ್ಲೂ ಎಣಿಸಿ ನೋಡಿದ್ದಾರೆ. 2000ದಲ್ಲಿ ಬಂದ ಆ ಅಧ್ಯಯನದಲ್ಲಿ ಹುಟ್ಟಿದ ತಿಂಗಳಿನ ವ್ಯತ್ಯಾಸ ಕಾಣಲೇ ಇಲ್ಲ.