ಬಾವಿಯಲ್ಲಿ ಉಳಿದ ಅಗ್ನಿಬಾಣಗಳು

ದಾವಣಗೆರೆ ನಗರವು ಬೆಳೆಯುತ್ತ ಬಂದಂತೆ ಅದರ ಮಡಿಲಿಗೆ ಸೇರಿಹೋದ ಹಳೆಯ ಊರುಗಳಲ್ಲಿ ಆನೆಕೊಂಡವೂ ಒಂದು. ಹನ್ನೆರಡನೆಯ ಶತಮಾನದ, ಚಾಲುಕ್ಯ ಶೈಲಿಯ ಶಿಲಾದೇಗುಲವನ್ನುಳ್ಳ ಈ ಊರು, ದಾವಣಗೆರೆಯು ಪೇಟೆಯೆಂದು ಹೆಸರಾಗುವುದಕ್ಕೆ ಎಷ್ಟೋ ಮುಂಚಿನದು. ಪೇಟೆಯ ಏಳಿಗೆಯಾದರೋ ಹದಿನೆಂಟನೆಯ ಶತಮಾನದ ಮಾತು. ಹೈದರ್ ಅಲಿಯು ದಾವಣಗೆರೆಯನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆತಂದು ನೆಲೆಗೊಳಿಸಿದನು. ಅಂದು ಬೇರೂರಿದ ವ್ಯಾಪಾರವೇ ಮುಂದೆ ಈ ಊರಿಗೆ ಕೀರ್ತಿಯನ್ನು ತಂದಿತು.

ಒಂದು ಆಳ್ವಿಕೆಯು ಬಿಟ್ಟುಹೋದ ಗುರುತುಗಳಲ್ಲಿ ಪೇಟೆ, ಕೆರೆ, ತೋಟಗಳಂತೆಯೇ ಆಯುಧಗಳೂ ಸೇರಿರುತ್ತವೆ. ಹೈದರ್ ಮತ್ತು ಟಿಪ್ಪು ಇವರ ಆಳ್ವಿಕೆಯ ಅಂತಹ ಅಪೂರ್ವ ಆಯುಧರಾಶಿಯೊಂದು ದಾವಣಗೆರೆಗೆ ನೆರೆಯ ಶಿವಮೊಗ್ಗದಲ್ಲಿದೆ. ತುಂಗಾ ತೀರದ ಶಿವಪ್ಪನಾಯಕನ ಅರಮನೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಶಾಸನ, ವೀರಗಲ್ಲು, ದೇವತಾಮೂರ್ತಿಗಳ ಜೊತೆಗೆ, ತುಕ್ಕು ಹಿಡಿದ ಕಬ್ಬಿಣದ ಗಿಡ್ಡ ನಳಿಗೆಗಳು ಸಾವಿರಕ್ಕೂ ಮಿಕ್ಕಿ ಸಂಗ್ರಹವಾಗಿವೆ. ನೋಡುವ ಕಣ್ಣಿಗೆ ಅವುಗಳಲ್ಲಿ ಯಾವ ಸೊಬಗೂ ಇಲ್ಲ. ಟಿಪ್ಪುವಿನ ಬೆಳ್ಳಿಯ ಕಟ್ಟಿನ ಚಕಮಕಿ ಬಂದೂಕುಗಳಲ್ಲಿರುವ ಹುಲಿಮೊಗದ ಕೆತ್ತನೆಯಾಗಲಿ, ಹುಲಿಪಟ್ಟೆಯ ಅಲಂಕಾರವಾಗಲಿ ಇವುಗಳಿಗಿಲ್ಲ. ಆದರೆ ಜಗತ್ತಿನ ಯುದ್ಧವಿದ್ಯೆಯ ದಾರಿಯನ್ನೇ ಬದಲಿಸಿದ ಆಯುಧವಿದು. ಇದೇ ಮೈಸೂರಿನ ಅಗ್ನಿಬಾಣ, ಅಂದರೆ ರಾಕೆಟ್ಟು.

ಇವು ದೊರೆತ ಸ್ಥಳ ಹೊಸನಗರ ತಾಲ್ಲೂಕಿನ ನಗರ, ಹಿಂದಿನ ಬಿದನೂರು. 2002ರಲ್ಲಿ ಅಲ್ಲಿನ ತೋಟವೊಂದರ ಬಾವಿಯ ಹೂಳೆತ್ತುವಾಗ ನೂರಕ್ಕೂ ಹೆಚ್ಚು ನಳಿಗೆಗಳು ಮೇಲೆ ಬಂದವು. ಅವು ಏನೆಂಬುದು ಕೂಡಲೇ ತಿಳಿಯಲಿಲ್ಲ. ಕೆಲವು ವರ್ಷಗಳ ತರುವಾಯ ನಡೆದ ಪರಿಶೀಲನೆಯಿಂದ ಟಿಪ್ಪುವಿನ ಕಾಲದ ಅಗ್ನಿಬಾಣಗಳೆಂದು ಗುರುತಿಸಲಾಯಿತು. 2018ರ ಜುಲೈ ತಿಂಗಳಲ್ಲಿ ರಾಜ್ಯ ಪುರಾತತ್ತ್ವ ಇಲಾಖೆಯು ಅದೇ ಊರಿನಲ್ಲಿ ಹಾಳುಬಿದ್ದ ಬಾವಿಯೊಂದನ್ನು ಅಗೆಸಿದಾಗ ಸಾವಿರಕ್ಕೂ ಹೆಚ್ಚು ಬಾಣಗಳು ರಾಶಿಯಾಗಿ ಸಿಕ್ಕವು. ಅವುಗಳ ಉದ್ದ ಸುಮಾರು 23ರಿಂದ 26 ಸೆಂಟಿಮೀಟರ್. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆಯಿತ್ತು. ನಳಿಗೆಗಳ ಒಳಗೆ ತುಂಬಿದ್ದ ಮದ್ದು ತುಂಬಿದಂತೆಯೇ ಇತ್ತು. ಎಂದರೆ ಇವು ಒಮ್ಮೆಯೂ ಹಾರದ ಬಾಣಗಳು. ಇವುಗಳಿಂದ ಒಬ್ಬನೂ ಸಾಯಲಿಲ್ಲ, ಒಂದು ಮನೆಯೂ ಉರಿಯಲಿಲ್ಲ. ಅದುವರೆಗೆ ವಿದ್ವಾಂಸರು ಮೈಸೂರಿನ ಅಗ್ನಿಬಾಣವನ್ನು ಪರೀಕ್ಷಿಸಬೇಕಾದರೆ ಇಂಗ್ಲೆಂಡಿನ ವೂಲಿಚ್ ಎಂಬಲ್ಲಿದ್ದ ಎರಡು ಮಾದರಿಗಳನ್ನೇ ಆಶ್ರಯಿಸಬೇಕಾಗಿತ್ತು. ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ವೂಲಿಚ್ಚಿನ ಈ ಮಾದರಿಗಳ ಪ್ರಸ್ತಾಪವಿದೆ.

ಆಯುಧಗಳು ಬಿದನೂರಿನಲ್ಲಿ ದೊರೆತದ್ದು ಅಚ್ಚರಿಯೇನಲ್ಲ. ಕೆಳದಿಯ ನಾಯಕರ ರಾಜಧಾನಿಯಾಗಿದ್ದ ಈ ಸಿರಿವಂತ ಪಟ್ಟಣವನ್ನು 1763ರಲ್ಲಿ ಹೈದರ್ ಅಲಿಯು ರಾಣಿ ವೀರಮ್ಮಾಜಿಯಿಂದ ಗೆದ್ದುಕೊಂಡು ಹೈದರ್‌ನಗರವೆಂದು ಕರೆದನು. ಟಂಕಸಾಲೆ, ಆಯುಧಶಾಲೆಗಳು ಅಲ್ಲಿ ತಲೆಯೆತ್ತಿದವು. 1783ರ ಆರಂಭದಲ್ಲಿ ಇಂಗ್ಲಿಷರ ಸೇನಾನಿ ಮ್ಯಾಥ್ಯೂಸನು ಅದನ್ನು ವಶಪಡಿಸಿಕೊಂಡನು. ಕೆಲವೇ ತಿಂಗಳುಗಳಲ್ಲಿ ಟಿಪ್ಪುವು ಮರಳಿ ಗೆದ್ದನು, ಮ್ಯಾಥ್ಯೂಸನು ಸೆರೆಯಲ್ಲಿಯೇ ಸತ್ತನು. ಇಪ್ಪತ್ತು ವರ್ಷಗಳಲ್ಲಿ ಒಂದೇ ಊರಿಗೆ ಮೂವರು ಗೆಲ್ಲುವವರು! ಪ್ರತಿ ಸಲವೂ ಆಯುಧಶಾಲೆಯ ಬೀಗದ ಕೈ ಹೊಸಬನ ಪಾಲಾಗುತ್ತಿತ್ತು. ಒಳಗಿದ್ದ ಮದ್ದಿಗೆ ಒಡೆಯನು ಯಾರಾದರೇನು?

ಬಾಣಕ್ಕೆ ಮದ್ದು ಕಟ್ಟಿ ಹಾರಿಸುವ ಕಲೆ ಭಾರತದಲ್ಲಿ ಮೊದಲೇ ಇತ್ತು. ಹೈದರನ ತಂದೆ ಫತೇ ಮಹಮ್ಮದನು ಆರ್ಕಾಟಿನ ನವಾಬನ ಸೇವೆಯಲ್ಲಿ ಐವತ್ತು ಮಂದಿ ಬಾಣಗಾರರ ನಾಯಕನಾಗಿದ್ದನೆಂದು ತಿಳಿದುಬರುತ್ತದೆ. ಹಿಂದಿನ ಬಾಣಗಳ ಕವಚ ಕಾಗದದ್ದೋ ಬಿದಿರಿನದೋ ಆಗಿರುತ್ತಿತ್ತು. ಮದ್ದು ಹೆಚ್ಚಾದರೆ ಕವಚವೇ ಸಿಡಿದುಹೋಗುತ್ತಿತ್ತು. ಮೈಸೂರಿನ ಕಮ್ಮಾರರು ಮೆತುಕಬ್ಬಿಣವನ್ನು ಬಡಿದು ನಳಿಗೆ ಮಾಡಿ, ಒಂದು ತುದಿಯನ್ನು ಮುಚ್ಚಿ, ಇನ್ನೊಂದರಲ್ಲಿ ಕಿರಿದಾದ ರಂಧ್ರವನ್ನು ಬಿಟ್ಟರು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವನ್ನು ಗಟ್ಟಿಯಾಗಿ ತುಂಬಿ, ತೊಗಲಿನ ಪಟ್ಟಿಯಿಂದ ಉದ್ದನೆಯ ಬಿದಿರುಗಳುವಿಗೆ ಬಿಗಿದರು. ಕಬ್ಬಿಣವು ಒಳಗಿನ ಒತ್ತಡವನ್ನು ತಡೆದುಕೊಂಡುದರಿಂದ ಬಾಣವು ಒಂದು ಕಿಲೋಮೀಟರಿಗೂ ಮಿಕ್ಕಿದ ದೂರವನ್ನು ಕ್ರಮಿಸಬಲ್ಲುದಾಯಿತು. ಕೆಲವಕ್ಕೆ ಅಲಗುಗಳನ್ನೂ ಕಟ್ಟುತ್ತಿದ್ದರು. ಟಿಪ್ಪುವಿನ ಸೇನಾನಿಯಮಗಳನ್ನು ತಿಳಿಸುವ ‘ಫತಹುಲ್ ಮುಜಾಹಿದೀನ್’ ಗ್ರಂಥದ ಪ್ರಕಾರ ‘ಕುಶೂನ್’ ಎಂಬ ಒಂದೊಂದು ಸೇನಾವಿಭಾಗಕ್ಕೂ ಇನ್ನೂರು ಬಾಣಗಾರರಿದ್ದರು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರಿಗೂ ಈ ಬಾಣಗಳಿಗೂ ನಂಟಿದೆಯೆಂದು ಹೇಳುವುದುಂಟು. ಅರಸರ ಹೆಸರು ಉಳಿದಿದೆ, ಕುಲುಮೆಯ ಮುಂದೆ ಕುಳಿತ ಕಮ್ಮಾರರಲ್ಲಿ ಒಬ್ಬನ ಹೆಸರೂ ಜನರ ನೆನಪಿನಲ್ಲಿಲ್ಲ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಮೈಸೂರಿನ ಸೈನ್ಯದ ನಡುವೆ ಸಿಕ್ಕಿಬಿದ್ದಾಗ ಇಂಗ್ಲಿಷರ ಮದ್ದಿನ ಬಂಡಿಗಳು ಸ್ಫೋಟಗೊಂಡು, ಕಾಳಗದ ಗತಿ ನಿರ್ಣಯವಾಯಿತು. ಆ ಕಿಡಿ ಅಗ್ನಿಬಾಣದ್ದೆಂದು ಹಲವರ ಅಭಿಮತ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಯುದ್ಧದ ಚಿತ್ರವನ್ನು ಇಂದಿಗೂ ನೋಡಬಹುದು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆಯು ಬಾಣ ಮತ್ತು ಬಂದೂಕುಗಳ ದಾಳಿಗೆ ಸಿಲುಕಿ, ಕತ್ತಲೆಯಲ್ಲಿ ದಿಕ್ಕುತಪ್ಪಿ ಹಿಂದೆಗೆಯಿತು. ಆದರೆ ಒಂದು ತಿಂಗಳು ಕಳೆಯುವಷ್ಟರಲ್ಲಿ, ಮೇ 2ರಂದು, ಇಂಗ್ಲಿಷರ ಗುಂಡೊಂದು ಕೋಟೆಯೊಳಗೆ ಬಾಣಗಳನ್ನು ಶೇಖರಿಸಿದ್ದ ಮದ್ದಿನ ಮನೆಗೆ ತಗುಲಿತು. ಪೊಳ್ಳಿಲೂರಿನಲ್ಲಿ ಹಗೆಯ ಮದ್ದು ಹಗೆಯನ್ನೇ ಸುಟ್ಟಿತ್ತು. ಇಲ್ಲಿ ಮನೆಯ ಮದ್ದು ಮನೆಯನ್ನೇ ಸುಟ್ಟಿತು. ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದನು.

ಈ ಬಾಣದ ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಒಂದು ರಾಜ್ಯದ ಕಥೆಯಾಗಿ ಉಳಿಯುತ್ತಿತ್ತು. ಮೈಸೂರಿನ ಬಾಣಗಳು ವೂಲಿಚ್ಚಿನ ಆಯುಧಾಗಾರವನ್ನು ತಲುಪಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತನು 1804ರ ಸುಮಾರಿಗೆ ಪ್ರಯೋಗಗಳನ್ನು ಆರಂಭಿಸಿ, ಅವುಗಳನ್ನು ಮತ್ತಷ್ಟು ದೊಡ್ಡದಾಗಿ, ಮತ್ತಷ್ಟು ದೂರ ಹಾರುವಂತೆ ಬೆಳೆಸಿದನು. 1807ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬ್ರಿಟಿಷ್ ಸೈನ್ಯವು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಮೇಲೆ ಫಿರಂಗಿಗಳ ಜೊತೆಗೆ ಈ ರಾಕೆಟ್ಟುಗಳನ್ನೂ ಸುರಿಯಿತು. ಆ ದೇಶವು ಆಗ ಯಾರ ಪಕ್ಷವನ್ನೂ ಹಿಡಿದಿರಲಿಲ್ಲ. ಅದರ ಹಡಗುಪಡೆಯು ನೆಪೋಲಿಯನ್ನನ ಕೈ ಸೇರೀತೆಂಬ ಭಯವೇ ದಾಳಿಗೆ ಕಾರಣವಾಗಿತ್ತು. ನಗರದ ದೊಡ್ಡ ಭಾಗ ಉರಿಯಿತು, ಪ್ರಧಾನ ಇಗರ್ಜಿಯ ಗೋಪುರ ಕುಸಿಯಿತು, ಯುದ್ಧದ ಗೊಡವೆಯೇ ಇಲ್ಲದ ಸ್ತ್ರೀಪುರುಷರೂ ಮಕ್ಕಳೂ ಬೆಂದುಹೋದರು. 1814ರಲ್ಲಿ ಅದೇ ಆಯುಧವು ಅಮೆರಿಕದ ಬಾಲ್ಟಿಮೋರ್ ಬಂದರಿನ ಕೋಟೆಯ ಮೇಲೆ ಹಾರಿತು. ಇಂಗ್ಲಿಷರನ್ನು ತಡೆಯಲೆಂದು ಕನ್ನಡ ನಾಡಿನ ಕಮ್ಮಾರನು ಕಂಡುಕೊಂಡ ಉಪಾಯವು, ಕನ್ನಡ ನಾಡಿನ ಹೆಸರನ್ನೇ ಕೇಳದ ಜನರ ಮೇಲೆ ಇಂಗ್ಲಿಷರ ಕೈಯಿಂದಲೇ ಪ್ರಯೋಗವಾಯಿತು.

ಸುಲ್ತಾನ್‌ಪೇಟೆಯ ತೋಪಿನಲ್ಲಿ ಹಿಮ್ಮೆಟ್ಟಿದ ಆ ವೆಲ್ಲೆಸ್ಲಿಯ ಮುಂದಿನ ನಡೆಯೂ ವಿಚಾರಾರ್ಹವಾಗಿದೆ. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆ ಹೊಂದಿ ದಂಡು ಕಟ್ಟಿದ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಆತನು 1800ರ ಜೂನ್ ತಿಂಗಳಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದನು. ಸೆಪ್ಟೆಂಬರಿನಲ್ಲಿ ಧೋಂಡಿಯಾ ಕೊಲೆಯಾದನು. ಶಿಬಿರದಲ್ಲಿ ದೊರೆತ ಅವನ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯು ಕೈಬಿಡದೆ, ಆತನ ಪಾಲನೆಗೆ ಹಣವನ್ನು ಏರ್ಪಡಿಸಿದನು. ಮುಂದೆ ವೆಲ್ಲಿಂಗ್‌ಟನ್ ಎಂದು ಜಗತ್ಪ್ರಸಿದ್ಧನಾದ ಇದೇ ಸೇನಾನಿಯು ಕಾಂಗ್ರೀವನ ರಾಕೆಟ್ಟುಗಳನ್ನು ತನಗೆ ಕಳುಹಿಸಲು ಮುಂದಾದಾಗ, ಯಾವ ಊರಿಗೂ ಬೆಂಕಿಯಿಡುವ ಇಚ್ಛೆ ತನಗಿಲ್ಲ, ಅವುಗಳಿಂದ ಬೇರೆ ಪ್ರಯೋಜನವನ್ನು ತಾನು ಕಾಣೆ ಎಂಬ ಅರ್ಥದ ಮಾತನ್ನು ಬರೆದದ್ದುಂಟು. ಆತನು ಅಹಿಂಸಾವಾದಿಯಲ್ಲ, ಯುದ್ಧವೇ ಅವನ ವೃತ್ತಿ. ಆದರೂ, ಗುರಿಯಿಲ್ಲದೆ ಊರನ್ನು ಸುಡುವ ಆಯುಧಕ್ಕೂ ರಣರಂಗದ ಆಯುಧಕ್ಕೂ ಇರುವ ಅಂತರ ಅವನಿಗೆ ಕಂಡಿತ್ತು.

ನಾಡನ್ನು ಕಾಯಬೇಕಾದವನು ಆಯುಧವನ್ನು ಹಿಡಿಯದೆ ವಿಧಿಯಿಲ್ಲವೆಂಬ ವಾದ ಹುರುಳಿಲ್ಲದ್ದಲ್ಲ. ಆಕ್ರಮಣವನ್ನು ಎದುರಿಸುವಾಗ ಗೃಹಸ್ಥನಿಂದ ನಡೆಯುವ ವಿರೋಧೀ ಹಿಂಸೆಯನ್ನು ನಮ್ಮ ಹಿರಿಯರು ಸಂಕಲ್ಪೀ ಹಿಂಸೆಯಿಂದ ಬೇರೆಯಾಗಿಯೇ ಎಣಿಸಿದರು. ಆದರೆ ಆಯುಧದ ಹೊಣೆಯು ಅದನ್ನು ಬಳಸಿದ ಗಳಿಗೆಗೆ ಮುಗಿಯುವುದಿಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹಿಂಸಾದಾನವನ್ನು, ಅಂದರೆ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದನ್ನು, ಅನರ್ಥದಂಡಗಳಲ್ಲಿ ಒಂದಾಗಿ ಹೇಳಿದ್ದಾರೆ. ಕತ್ತಿಯೊಂದಿಗೆ ಕೊಡಲಿ, ಬೆಂಕಿ, ಸಂಕೋಲೆಗಳೂ ಅಲ್ಲಿ ಎಣಿಕೆಗೆ ಬಂದಿವೆ. ಕೊಟ್ಟ ವಸ್ತು ಕೊಟ್ಟವನ ಸಂಯಮವನ್ನು ಜೊತೆಗೆ ಒಯ್ಯುವುದಿಲ್ಲ ಎಂಬುದೇ ಇದರ ತಿರುಳು. ಯಾರೂ ಕೊಡದೆಯೇ ಕೈಬದಲಾದ ಮೈಸೂರಿನ ಬಾಣವು ಈ ಮಾತಿಗೆ ಮತ್ತೂ ಬಲವಾದ ನಿದರ್ಶನವಾಗಿದೆ. ಕಾಪಾಡಲು ಹುಟ್ಟಿದುದು ಸುಡಲು ಹೋಗಬಹುದು. ಅದನ್ನು ತಡೆಯುವ ಶಕ್ತಿ ನಿರ್ಮಿಸಿದವನಿಗಿಲ್ಲ.

ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರು 1960ರ ದಶಕದಲ್ಲಿ ತರಬೇತಿಗೆಂದು ಅಮೆರಿಕದ ವಾಲಪ್ಸ್ ಕೇಂದ್ರಕ್ಕೆ ಹೋಗಿದ್ದಾಗ, ಟಿಪ್ಪುವಿನ ಸೈನಿಕರು ರಾಕೆಟ್ಟು ಹಾರಿಸುವ ಚಿತ್ರವನ್ನು ಅಲ್ಲಿ ಕಂಡು ಹೆಮ್ಮೆಪಟ್ಟುದನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆ ಹೆಮ್ಮೆ ಸಹಜವಾದುದೇ. ಕಮ್ಮಾರನ ಕೈಚಳಕವನ್ನು ಮೆಚ್ಚುವುದರಲ್ಲಿ ದೋಷವಿಲ್ಲ. ಉಪಗ್ರಹವನ್ನು ಆಕಾಶಕ್ಕೇರಿಸುವ ವಾಹನವೂ ಅದೇ ತತ್ತ್ವದ ಫಲವಾಗಿದೆ. ಆದರೆ ವಸ್ತುಸಂಗ್ರಹಾಲಯದಲ್ಲಿ ಆಯುಧದ ಮುಂದೆ ನಿಂತವನು ಹೆಮ್ಮೆಯೊಂದನ್ನೇ ಹೊತ್ತು ಹಿಂದಿರುಗಿದರೆ ಅರ್ಧ ಇತಿಹಾಸವನ್ನಷ್ಟೇ ನೋಡಿದಂತಾಗುತ್ತದೆ.

ಸ್ಮರಣೆಯ ಇನ್ನೊಂದು ರೀತಿಯನ್ನು ಈ ನಾಡು ಬಲ್ಲುದು. ತುಂಗಭದ್ರೆಯ ಎರಡೂ ದಂಡೆಗಳಲ್ಲಿ ದನಗಳನ್ನು ಮರಳಿಸುವಾಗ, ಊರನ್ನು ಕಾಯುವಾಗ ಮಡಿದವರ ವೀರಗಲ್ಲುಗಳಿವೆ. ಅಲ್ಲಿ ಕತ್ತಿ ಬಿಲ್ಲುಗಳ ಕೆತ್ತನೆಯಿದ್ದರೂ ಕಲ್ಲನ್ನು ನಿಲ್ಲಿಸಿದ್ದು ಆಯುಧಕ್ಕಾಗಿ ಅಲ್ಲ, ಸತ್ತವನಿಗಾಗಿ. ನಿಸಿಧಿಗಲ್ಲುಗಳಾದರೋ ಯಾರನ್ನೂ ಕೊಲ್ಲದೆ ವ್ರತದಿಂದ ದೇಹವನ್ನು ಬಿಟ್ಟವರ ಹೆಸರನ್ನು ಉಳಿಸಿವೆ. ಸಂಗ್ರಹಾಲಯದ ಫಲಕಗಳಲ್ಲಿ ಮಾತ್ರ ಆಯುಧದ ಅಳತೆ, ಅರಸನ ಹೆಸರು, ಕಾಲ ಇಷ್ಟೇ ಇರುವುದು ಸಾಮಾನ್ಯ. ಪೊಳ್ಳಿಲೂರಿನ ಸಿಪಾಯಿ, ಮದ್ದಿನ ಮನೆಯ ಆಳು, ಕೋಪನ್‌ಹೇಗನ್ನಿನ ತಾಯಿ ಇವರಿಗೂ ಆ ಫಲಕದಲ್ಲಿ ಒಂದು ಸಾಲಿನ ಸ್ಥಳ ದೊರೆತರೆ ಇತಿಹಾಸಕ್ಕೆ ನ್ಯಾಯ ಸಂದೀತು.

ಮಕ್ಕಳನ್ನು ಕರೆದುಕೊಂಡು ಶಿವಮೊಗ್ಗದ ಆ ಅರಮನೆಗೆ ಹೋಗುವ ಹಿರಿಯರು, ಬಾಣವು ಎಷ್ಟು ದೂರ ಹಾರಿತೆಂದು ತಿಳಿಸುವುದರ ಜೊತೆಗೆ ಅದು ಎಲ್ಲಿ ಬಿದ್ದಿತೆಂಬುದನ್ನೂ ತಿಳಿಸಬೇಕು. ಬಿದನೂರಿನ ಬಾವಿಯಲ್ಲಿ ಉಳಿದ ಸಾವಿರಾರು ಬಾಣಗಳು ಎಲ್ಲಿಯೂ ಬೀಳಲಿಲ್ಲ. ತುಕ್ಕು ಹಿಡಿದು ಕೆಟ್ಟವೆಂದು ಅವುಗಳಿಗಾಗಿ ಮರುಗಬೇಕಾದುದಿಲ್ಲ. ತುಕ್ಕು ಹಿಡಿದುದೇ ಅವುಗಳ ಪುಣ್ಯ.