ಡ್ಯಾಶ್‌ಬೋರ್ಡ್ ಕಥೆಗಳು: ಲೆಕ್ಕ ಇಡೋ ದೀಪ

ಮೇಂಟೆನೆನ್ಸ್ ದೀಪ ಹತ್ತಿಕೊಂಡ್ರೆ ಗಾಬರಿ ಬೇಡ. ಕಾರು ಕೆಟ್ಟಿದೆ ಅಂತಲ್ಲ, ಸರ್ವಿಸ್ ಟೈಮ್ ಬಂತು ಅಂತ ಅಷ್ಟೇ.

ಮೊದಲು ಈ ಲೆಕ್ಕ ನಾವೇ ಇಡಬೇಕಿತ್ತು, ಮೀಟರ್ ನೋಡಿ. 1980ರ ದಶಕದ ಕೊನೆಗೆ ಅಮೆರಿಕದ ಜನರಲ್ ಮೋಟಾರ್ಸ್, ಎಂಜಿನ್ ಎಷ್ಟು ಸುತ್ತಿದೆ, ಎಷ್ಟು ಬಿಸಿಯಾಗಿದೆ ಅಂತ ನೋಡಿ ಆಯಿಲ್ ಆಯಸ್ಸನ್ನ ಕಂಪ್ಯೂಟರ್‌ನಿಂದಲೇ ಅಂದಾಜು ಮಾಡಿಸಿತು. ಅಲ್ಲಿನ ಹಲವು ಟೊಯೋಟಾಗಳದ್ದು ಇನ್ನೂ ಸರಳ: 4,500 ಮೈಲಿಗೆ ದೀಪ ಮಿನುಗುತ್ತೆ, 5,000ಕ್ಕೆ ಉರಿದೇ ಇರುತ್ತೆ. ದೋಷ ಹಿಡಿಯೋ ಚೆಕ್ ಎಂಜಿನ್ ದೀಪ ಬೇರೆ. ಅದರ ಹಿಂದಿನ ಒಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಕಡ್ಡಾಯವಾಯ್ತು, ಹೊಗೆ ಹತೋಟಿಗೆ ಅಂತ.

ಆದ್ರೆ ನೆನಪಿಡಿ: ಲೆಕ್ಕದ ದೀಪಕ್ಕೆ ಆಯಿಲ್ ಬದಲಾಯ್ತೋ ಇಲ್ವೋ ಗೊತ್ತಾಗಲ್ಲ. ರೀಸೆಟ್ ಮಾಡಿದ್ರೆ ಸಾಕು, ಆರುತ್ತೆ. ದೀಪ ಆರಿದ್ದನ್ನ ನೋಡಿ ದುಡ್ಡು ಕೊಡ್ಬೇಡಿ. ಬಿಲ್ ಓದಿ, ಡಿಪ್‌ಸ್ಟಿಕ್ ಎಳೆದು ನೋಡಿ.