ತಂದೆಯ ಹೆಸರಿಲ್ಲದ ನೌಕಾಧಿಪತಿ

ಅಕ್ಟೋಬರ್ 7ರಂದು ಧರ್ಮಸಭೆಯು ಜಪಸರ ಮಾತೆಯ ಹಬ್ಬವನ್ನು ಆಚರಿಸುತ್ತದೆ. ಆ ತಿಂಗಳು ಪೂರ್ತಿ ನಮ್ಮ ಧರ್ಮಕೇಂದ್ರಗಳಲ್ಲಿಯೂ ಮನೆಗಳಲ್ಲಿಯೂ ಜಪಸರ ಪ್ರಾರ್ಥನೆ ನಡೆಯುತ್ತದೆ. 1571ರಲ್ಲಿ ಗ್ರೀಸ್ ದೇಶದ ಕರಾವಳಿಯ ಲೆಪಾಂತೊ ಎಂಬಲ್ಲಿ ನಡೆದ ನೌಕಾಯುದ್ಧದ ನೆನಪಿನಿಂದ ಈ ದಿನಾಂಕ ನಮಗೆ ಬಂದಿತೆಂಬುದನ್ನು ಹಿರಿಯರು ಬಲ್ಲರು. ಆ ಕಾಲದ ಜಗದ್ಗುರು ಸಂತ ಐದನೆಯ ಪಯಸ್‌ರವರ ಹೆಸರನ್ನೂ ಹಲವರು ಕೇಳಿದ್ದಾರೆ. ಆದರೆ ಅಂದು ಕ್ರೈಸ್ತ ನೌಕಾಪಡೆಯನ್ನು ನಡೆಸಿದವನು ಯಾರು ಎಂದು ಕೇಳಿದರೆ ಬಹುಮಂದಿ ಸುಮ್ಮನಾಗುತ್ತಾರೆ. ಅವನ ಹೆಸರು ಡಾನ್ ಹುವಾನ್ ದೆ ಆಸ್ಟ್ರಿಯಾ. ನಾಟಕಗಳಲ್ಲಿ ಬರುವ ಸ್ತ್ರೀಲೋಲ ಡಾನ್ ಹುವಾನ್ ಬೇರೆ, ಇವನು ಬೇರೆ. ಯುದ್ಧದ ದಿನ ಇವನಿಗೆ 24 ವರ್ಷ. ತನ್ನ ತಂದೆ ಯಾರೆಂಬುದು ಇವನಿಗೆ ತಿಳಿದದ್ದು ಹನ್ನೆರಡನೆಯ ವಯಸ್ಸಿನಲ್ಲಿ.

1546ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಸಾಮ್ರಾಜ್ಯದ ಮಹಾಸಭೆಗೆಂದು ಜರ್ಮನಿಯ ರೇಗನ್ಸ್‌ಬರ್ಗ್ ನಗರಕ್ಕೆ ಬಂದಿದ್ದನು. ಸ್ಪೇನ್, ನೇಪಲ್ಸ್, ನೆದರ್ಲೆಂಡ್ಸ್, ಅಮೆರಿಕದ ಹೊಸ ನಾಡುಗಳು ಎಲ್ಲವೂ ಅವನ ಕೈಕೆಳಗಿದ್ದವು. ಪತ್ನಿ ಇಸಬೆಲ್ಲಾ 1539ರಲ್ಲಿಯೇ ತೀರಿಕೊಂಡಿದ್ದಳು. ಆ ನಗರದ ಸಾಮಾನ್ಯ ಗೃಹಸ್ಥನೊಬ್ಬನ ಮಗಳಾದ ಬಾರ್ಬರಾ ಬ್ಲೋಂಬರ್ಗ್ ಎಂಬ ತರುಣಿಯಲ್ಲಿ ಅವನಿಗೆ ಒಂದು ಗಂಡುಮಗು ಹುಟ್ಟಿತು. 1547ರ ಫೆಬ್ರವರಿ 24 ಎಂಬುದು ಸಾಮಾನ್ಯವಾಗಿ ಹೇಳುವ ದಿನ. 1545 ಎನ್ನುವ ಇತಿಹಾಸಕಾರರೂ ಇದ್ದಾರೆ. ತಾಯಿಯನ್ನು ರಾಜಸೇವೆಯಲ್ಲಿದ್ದ ಕೇಗೆಲ್ ಎಂಬ ಅಧಿಕಾರಿಗೆ ಮದುವೆ ಮಾಡಿಕೊಟ್ಟರು. ಮಗುವನ್ನು ಅವಳಿಂದ ಬೇರ್ಪಡಿಸಿದರು.

ಇಂತಹ ಮಕ್ಕಳನ್ನು ನಮ್ಮ ಭಾಷೆ 'ಅಕ್ರಮ ಸಂತಾನ' ಎಂದು ಕರೆಯುತ್ತದೆ. ಕ್ರಮ ತಪ್ಪಿದವರು ಹೆತ್ತವರು. ಅಕ್ರಮವೆಂಬ ಹೆಸರು ಹೊತ್ತದ್ದು ಮಗು. ಈ ವಿಚಿತ್ರ ನ್ಯಾಯ ಜರ್ಮನಿಯಲ್ಲಿಯೂ ಇತ್ತು, ನಮ್ಮಲ್ಲಿಯೂ ಇದೆ.

1550ರಲ್ಲಿ ಚಕ್ರವರ್ತಿಯ ಆಸ್ಥಾನದ ಸಂಗೀತಗಾರ ಫ್ರಾನ್ಸಿಸ್ ಮಾಸ್ಸಿ ಎಂಬವನು ತನ್ನ ಊರಿಗೆ, ಎಂದರೆ ಪತ್ನಿ ಆನಾಳ ತವರಾದ ಸ್ಪೇನಿಗೆ, ಹೊರಟಿದ್ದನು. ಮಗುವನ್ನು ಸಾಕುವ ಬಗ್ಗೆ ಒಂದು ಕರಾರುಪತ್ರ ಬರೆಯಿಸಿಕೊಂಡು, ವರ್ಷಕ್ಕೆ ಇಷ್ಟು ಹಣವೆಂದು ಗೊತ್ತುಮಾಡಿ, ಅವರ ಕೈಗೆ ಒಪ್ಪಿಸಲಾಯಿತು. ಹುಡುಗನ ಹೆಸರು ಜೆರೋನಿಮೋ. ಮ್ಯಾಡ್ರಿಡ್ ಬಳಿಯ ಲೆಗಾನೆಸ್ ಎಂಬ ಹಳ್ಳಿಯಲ್ಲಿ ಅವನು ರೈತರ ಮಕ್ಕಳೊಡನೆ ಬಯಲಿನಲ್ಲಿ ಆಡಿ ಬೆಳೆದನು. ಹುಡುಗನಿಗೆ ಅಕ್ಷರ ಕಲಿಸಬೇಕಾಗಿದ್ದ ಊರಿನ ಗುರುಗಳು ಆ ಕೆಲಸವನ್ನು ದೇವಾಲಯದ ಸೇವಕನಿಗೆ ವಹಿಸಿ ನಿಶ್ಚಿಂತರಾದರಂತೆ. ನಮ್ಮ ವೃತ್ತಿಯವರ ಈ ಗುಣ ಹೊಸದೇನಲ್ಲ.

1554ರಲ್ಲಿ ಬದುಕು ತಿರುಗಿತು. ಚಕ್ರವರ್ತಿಯ ನಂಬಿಕೆಯ ಸೇವಕ ಡಾನ್ ಲೂಯಿಸ್ ದೆ ಕಿಹಾದನ ವಿಲ್ಯಾಗಾರ್ಸಿಯಾ ಕೋಟೆಗೆ ಹುಡುಗನನ್ನು ಕರೆತಂದರು. ಮನೆಯೊಡತಿ ಡೋನ್ಯಾ ಮಗ್ದಲೇನಾ ದೆ ಉಲ್ಯೋವಾಳಿಗೆ ಮಕ್ಕಳಿರಲಿಲ್ಲ. ಈತ ಆಪ್ತಮಿತ್ರನೊಬ್ಬನ ಮಗ, ತಾಯಿಯಂತೆ ನೋಡಿಕೋ ಎಂದಷ್ಟೇ ಗಂಡ ತಿಳಿಸಿದ್ದನು. ಇವನು ತನ್ನ ಗಂಡನದೇ ಮಗನಿರಬೇಕೆಂಬ ಸಂದೇಹ ಅವಳಿಗೆ ಹುಟ್ಟಿತು. ಯಾವ ಹೆಂಡತಿಗೆ ಹುಟ್ಟದು? ಒಂದು ರಾತ್ರಿ ಮನೆಗೆ ಬೆಂಕಿ ಬಿದ್ದಾಗ ಕಿಹಾದನು ಮೊದಲು ಹುಡುಗನನ್ನು ಹೊರಗೆ ತಂದು, ಆಮೇಲೆ ಹೆಂಡತಿಯನ್ನು ಕರೆತರಲು ಒಳಹೊಕ್ಕನೆಂಬ ಕಥೆಯೂ ಇದೆ. ಸಂದೇಹ ಬಲವಾಗಲು ಅಷ್ಟು ಸಾಕಿತ್ತು. ಆದರೂ ಅವಳು ಪ್ರಶ್ನೆ ಕೇಳಲಿಲ್ಲ. ಹುಡುಗನಿಗೆ ಓದು ಕಲಿಸಿದಳು, ಪ್ರಾರ್ಥನೆ ಕಲಿಸಿದಳು, ಬಡವರಿಗೆ ದಾನ ಕೊಡುವಾಗ ಅವನ ಕೈಯಿಂದಲೇ ಕೊಡಿಸಿದಳು. ಮುಂದೆ ಮೂರು ದೇಶಗಳ ನೌಕೆಗಳಿಗೆ ನಾಯಕನಾದ ಮೇಲೂ ಅವನು ಅವಳನ್ನು 'ಚಿಕ್ಕಮ್ಮ' ಎಂದೇ ಸಂಬೋಧಿಸಿ ಪತ್ರ ಬರೆಯುತ್ತಿದ್ದನು. ಈ ಚರಿತ್ರೆಯಲ್ಲಿ ನನಗೆ ಎಲ್ಲರಿಗಿಂತ ದೊಡ್ಡವಳಾಗಿ ಕಾಣುವವಳು ಈ ತಾಯಿ.

ಅಷ್ಟರಲ್ಲಿ ಚಕ್ರವರ್ತಿ ಸಿಂಹಾಸನವನ್ನು ತೊರೆದು 1557ರಲ್ಲಿ ಯೂಸ್ತೆ ಎಂಬಲ್ಲಿಯ ಸಂನ್ಯಾಸಿಮಠದ ಪಕ್ಕದಲ್ಲಿ ವಾಸಕ್ಕೆ ಬಂದನು. ಮರುವರ್ಷ ಕಿಹಾದನ ಕುಟುಂಬವೂ ಹತ್ತಿರದ ಕ್ವಾಕೋಸ್ ಹಳ್ಳಿಗೆ ಬಂದಿತು. ಸಂಧಿವಾತದಿಂದ ನರಳುತ್ತಿದ್ದ ಮುದುಕನು ಮಗನನ್ನು ಕಂಡನು. ಮಗನು ಕಂಡದ್ದು ಚಕ್ರವರ್ತಿಯನ್ನು ಮಾತ್ರ. 1558ರ ಸೆಪ್ಟೆಂಬರ್ 21ರಂದು ಚಾರ್ಲ್ಸ್ ತೀರಿಕೊಂಡನು. ಮಗನೆಂದು ಒಪ್ಪಿಕೊಂಡ ಮಾತು ಮುಚ್ಚಿದ ಲಕೋಟೆಯಲ್ಲಿತ್ತು. ವಿಧುರನಾಗಿದ್ದಾಗ ಅವಿವಾಹಿತ ಹೆಣ್ಣಿನಲ್ಲಿ ತನಗೊಬ್ಬ ಮಗ ಹುಟ್ಟಿದ್ದಾನೆ, ಅವನು ಸ್ವಇಚ್ಛೆಯಿಂದ ಸಂನ್ಯಾಸ ಸಭೆಯನ್ನು ಸೇರಿದರೆ ಒಳ್ಳೆಯದು, ಬಲವಂತ ಬೇಡ, ಸೇರದಿದ್ದರೆ ನೇಪಲ್ಸಿನ ಆದಾಯದಿಂದ ಅವನಿಗೆ ವರ್ಷಾಶನ ಕೊಡಬೇಕು ಎಂಬುದು ಅದರ ಸಾರ.

ತಂದೆಯು ಮಠದ ದಾರಿ ತೋರಿಸಿದ್ದರಲ್ಲಿ ಭಕ್ತಿಯಷ್ಟೇ ಲೋಕಾನುಭವವೂ ಇತ್ತು. ವಿವಾಹದ ಹೊರಗೆ ಹುಟ್ಟಿದವರಿಗೆ ಆಗಿನ ಧರ್ಮಸಭೆಯ ಕಾನೂನು ವಿಶೇಷ ವಿನಾಯಿತಿಯಿಲ್ಲದೆ ಯಾಜಕದೀಕ್ಷೆ ಕೊಡುತ್ತಿರಲಿಲ್ಲ. ಸಂನ್ಯಾಸ ಸಭೆಯಲ್ಲಿ ವ್ರತ ಸ್ವೀಕರಿಸಿದರೆ ಆ ಅಡ್ಡಿ ನೀಗುತ್ತಿತ್ತು. ಇದೇ ನಿಯಮ 1917ರ ಕಾನೂನು ಸಂಹಿತೆಯಲ್ಲಿಯೂ ಉಳಿದಿತ್ತು. 1983ರ ಹೊಸ ಸಂಹಿತೆ ಅದನ್ನು ಕೈಬಿಟ್ಟಿತು. ಕಾನೂನಿನ ಪುಸ್ತಕದಿಂದ ಒಂದು ಸಾಲನ್ನು ತೆಗೆಯಲು ನಮಗೆ ಇಷ್ಟು ಶತಮಾನಗಳು ಬೇಕಾದವು. ಮನಸ್ಸಿನಿಂದ ತೆಗೆಯುವ ಕೆಲಸ ಇನ್ನೂ ಉಳಿದಿದೆ. ಒಬ್ಬಂಟಿ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ದೀಕ್ಷಾಸ್ನಾನಕ್ಕೆ ಬಂದರೆ ನೆರೆಹೊರೆಯವರು ಮೊದಲು ವಿಚಾರಿಸುವುದು ಮಗುವಿನ ಹೆಸರನ್ನಲ್ಲ, ತಂದೆಯ ಹೆಸರನ್ನು.

1559ರಲ್ಲಿ ಹೊಸ ರಾಜ, ಚಾರ್ಲ್ಸನ ಹಿರಿಯ ಮಗ ಎರಡನೆಯ ಫಿಲಿಪ್, ಬೇಟೆಯ ನೆಪದಲ್ಲಿ ಲಾ ಎಸ್ಪೀನಾ ಮಠದ ಬಳಿ ಹುಡುಗನನ್ನು ಕಂಡು, ನೀನು ನನ್ನ ತಮ್ಮನೆಂದು ತಿಳಿಸಿದನು. ಜೆರೋನಿಮೋ ಅಂದಿನಿಂದ ಡಾನ್ ಹುವಾನ್ ಆದನು. ರಾಜವಂಶದ ಹೆಸರು ಬಂತು, ವರಮಾನ ಬಂತು, ಅಲ್ಕಲಾ ವಿಶ್ವವಿದ್ಯಾಲಯದಲ್ಲಿ ಯುವರಾಜನ ಜೊತೆಗೆ ವಿದ್ಯಾಭ್ಯಾಸವೂ ದೊರೆಯಿತು. ಆದರೆ ರಾಜಕುಮಾರರಿಗೆ ಸಲ್ಲುವ 'ಹೈನೆಸ್' ಎಂಬ ಸಂಬೋಧನೆ ಇವನಿಗಿಲ್ಲ; 'ಎಕ್ಸಲೆನ್ಸಿ' ಎಂದಷ್ಟೇ ಕರೆಯಬೇಕೆಂದು ಫಿಲಿಪ್ ವಿಧಿಸಿದನು. ಅಣ್ಣನು ಎಳೆದ ಆ ಗೆರೆಯನ್ನು ದಾಟಲು ತಮ್ಮನು ಸಾಯುವ ತನಕ ಹೆಣಗಿದನು.

ಓದಿ ಯಾಜಕನಾಗಲು ಹುಡುಗನಿಗೆ ಮನಸ್ಸಿರಲಿಲ್ಲ. 1565ರಲ್ಲಿ ತುರ್ಕರು ಮಾಲ್ಟಾ ದ್ವೀಪವನ್ನು ಮುತ್ತಿದಾಗ ಹೇಳದೆ ಕೇಳದೆ ಬಾರ್ಸಿಲೋನಾಕ್ಕೆ ಓಡಿದನು, ಹಡಗುಗಳು ಸಿಗಲಿಲ್ಲ. ರಾಜನು ಇವನನ್ನು ಮಠಕ್ಕೆ ಕಳುಹಿಸುವ ಆಸೆಯನ್ನು ಕೈಬಿಟ್ಟು 1568ರಲ್ಲಿ ಮೆಡಿಟರೇನಿಯನ್ ನೌಕಾಪಡೆಯ ಅಧಿಪತಿಯನ್ನಾಗಿ ನೇಮಿಸಿದನು. ಆ ಬೇಸಿಗೆಯಲ್ಲಿ ಕಾರ್ತಹೇನಾ ಬಂದರಿನಿಂದ ಹೊರಟು ಉತ್ತರ ಆಫ್ರಿಕದ ಕಡಲ್ಗಳ್ಳರ ಬೆನ್ನಟ್ಟುತ್ತ ಅವನು ಸಮುದ್ರವನ್ನು ಕಲಿತನು.

ಮುಂದಿನ ಎರಡು ವರ್ಷಗಳ ಕಥೆಯನ್ನು ನಮ್ಮ ಭಕ್ತಿಪುಸ್ತಕಗಳು ಬಿಟ್ಟುಬಿಡುತ್ತವೆ. ಗ್ರನಾಡದ ಮೊರಿಸ್ಕೋಗಳು, ಎಂದರೆ ಬಲವಂತದಿಂದ ಕ್ರೈಸ್ತರಾದ ಮುಸ್ಲಿಮರ ಸಂತತಿಯವರು, ದಂಗೆಯೆದ್ದಿದ್ದರು. ಅದನ್ನು ಅಡಗಿಸಲು ಡಾನ್ ಹುವಾನನನ್ನು ಕಳುಹಿಸಲಾಯಿತು. 1570ರಲ್ಲಿ ಗಲೇರಾ ಎಂಬ ಊರನ್ನು ಗೆದ್ದು, ಜನರನ್ನು ಕೊಂದು, ಮನೆಗಳನ್ನು ನೆಲಸಮ ಮಾಡಲಾಯಿತು. ಸಾವಿರಾರು ಕುಟುಂಬಗಳನ್ನು ನಾಡಿನಿಂದ ಎಬ್ಬಿಸಿ ಚದುರಿಸಲಾಯಿತು. ಹೋಗುವವರ ದುಃಖವನ್ನು ಕಂಡು ಅವನ ಮನಸ್ಸು ಕರಗಿತೆಂದು ಅವನ ಪತ್ರಗಳು ಹೇಳುತ್ತವೆ. ಆಜ್ಞೆಯನ್ನು ಮಾತ್ರ ನಡೆಸಿಯೇ ನಡೆಸಿದನು. ಅದೇ ಯುದ್ಧದಲ್ಲಿ ಅವನ ಸಾಕುತಂದೆ ಕಿಹಾದನೂ ಗುಂಡೇಟಿನಿಂದ ಸತ್ತನು.

1571ರ ಮೇ ತಿಂಗಳಲ್ಲಿ ಜಗದ್ಗುರುಗಳ ಪ್ರಯತ್ನದಿಂದ ಸ್ಪೇನ್, ವೆನಿಸ್ ಮತ್ತು ರೋಮ್ ಸೇರಿ ಒಂದು ಒಕ್ಕೂಟವಾಯಿತು. ವೆನಿಸಿನವರ ಸೈಪ್ರಸ್ ದ್ವೀಪವನ್ನು ತುರ್ಕರು ಮುತ್ತಿದ್ದೇ ಇದಕ್ಕೆ ಕಾರಣ. ಮೂವರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿರಲಿಲ್ಲ. ನಾಯಕತ್ವ ಡಾನ್ ಹುವಾನನದಾಯಿತು. ಸ್ನಾನಿಕ ಯೊವಾನ್ನರನ್ನು ಕುರಿತು ಶುಭಸಂದೇಶದಲ್ಲಿರುವ ಮಾತನ್ನು ಜಗದ್ಗುರುಗಳು ಇವನಿಗೆ ಅನ್ವಯಿಸಿದರೆಂದು ಹೇಳುತ್ತಾರೆ; ಹುವಾನ್ ಎಂದರೆ ಯೊವಾನ್ನ ತಾನೆ! ಆಗಸ್ಟ್ 14ರಂದು ನೇಪಲ್ಸಿನ ಸಂತ ಕ್ಲಾರಾ ದೇವಾಲಯದಲ್ಲಿ ಶಿಲುಬೆಯ ಧ್ವಜವನ್ನು ಅವನ ಕೈಗಿತ್ತರು.

ಎರಡೂ ಕಡೆ ಇನ್ನೂರಕ್ಕೂ ಮಿಕ್ಕಿದ ಹಡಗುಗಳು. ಇವು ಗ್ಯಾಲಿಗಳು, ಸಾಲುಸಾಲಾಗಿ ಕುಳಿತು ಹುಟ್ಟುಹಾಕಿ ನಡೆಸುವ ಉದ್ದನೆಯ ಯುದ್ಧನೌಕೆಗಳು. ಹುಟ್ಟಿಗೆ ಸರಪಳಿಯಿಂದ ಬಿಗಿದಿದ್ದವರಲ್ಲಿ ತುರ್ಕರ ಕಡೆ ಸೆರೆಸಿಕ್ಕ ಕ್ರೈಸ್ತರಿದ್ದರು, ನಮ್ಮ ಕಡೆ ಸೆರೆಸಿಕ್ಕ ಮುಸ್ಲಿಮರೂ ಶಿಕ್ಷೆಗೊಳಗಾದ ಕೈದಿಗಳೂ ಇದ್ದರು. ಅಕ್ಟೋಬರ್ 7, ಭಾನುವಾರ. ಡಾನ್ ಹುವಾನ್ ಚಿಕ್ಕ ದೋಣಿಯೊಂದರಲ್ಲಿ ನಿಂತು, ಕೈಯಲ್ಲಿ ಶಿಲುಬೆ ಹಿಡಿದು, ಹಡಗಿನ ಸಾಲುಗಳ ಮುಂದೆ ಹಾದುಹೋದನು. ಗೆದ್ದರೆ ಬಿಡುಗಡೆಯೆಂದು ಕೈದಿಗಳಿಗೆ ಮಾತುಕೊಟ್ಟು ಅವರ ಸರಪಳಿ ಬಿಚ್ಚಿಸಿದನು. ಹಡಗುಗಳ ಮೂತಿಯ ಚೂಪುಕೊಂಬುಗಳನ್ನು ಮೊದಲೇ ಕತ್ತರಿಸಿಹಾಕಲಾಗಿತ್ತು. ಹಾಗಾಗಿ ಫಿರಂಗಿಗಳು ತಗ್ಗಾಗಿ, ನೇರವಾಗಿ ಶತ್ರುನೌಕೆಗೆ ಗುರಿಯಿಡಬಹುದಾಗಿತ್ತು. ವೆನಿಸಿನ ಆರು ಭಾರೀ ಹಡಗುಗಳು ಮುಂದೆ ನಿಂತು ಗುಂಡಿನ ಮಳೆಗರೆದು ತುರ್ಕರ ಸಾಲನ್ನು ಒಡೆದವು. ಅವನ 'ರಿಯಾಲ್' ನೌಕೆಯೂ ಅಲಿ ಪಾಷಾನ 'ಸುಲ್ತಾನಾ' ನೌಕೆಯೂ ಒಂದಕ್ಕೊಂದು ಕಚ್ಚಿಕೊಂಡವು. ಅಲಿ ಪಾಷಾ ಹತನಾದನು. ಸಂಜೆಯ ಹೊತ್ತಿಗೆ ಕ್ರೈಸ್ತರಲ್ಲಿ ಏಳೆಂಟು ಸಾವಿರ, ತುರ್ಕರಲ್ಲಿ ಅದರ ಎರಡು ಮೂರು ಪಟ್ಟು ಜನ ಸತ್ತಿದ್ದರು. ತುರ್ಕರ ಹುಟ್ಟುಗಳಿಂದ ಬಿಡುಗಡೆ ಹೊಂದಿದ ಕ್ರೈಸ್ತ ಗುಲಾಮರು ಸುಮಾರು 12 ಸಾವಿರ. ಎಡಗೈಯನ್ನು ಕಳೆದುಕೊಂಡಂತಾದ ಗಾಯಾಳುಗಳಲ್ಲಿ ಮುಂದೆ 'ಡಾನ್ ಕಿಹೋತೆ' ಬರೆದ ಸೆರ್ವಾಂಟೆಸನೂ ಒಬ್ಬ.

ಅಲಿ ಪಾಷಾನ ಇಬ್ಬರು ಎಳೆಯ ಪುತ್ರರು ಸೆರೆಸಿಕ್ಕಿದ್ದರು. ಒಬ್ಬನು ಸೆರೆಯಲ್ಲಿಯೇ ತೀರಿಕೊಂಡನು. ಅವರ ಅಕ್ಕ ಕಾಣಿಕೆಗಳನ್ನು ಕಳುಹಿಸಿ ಬೇಡಿಕೊಂಡಾಗ ಡಾನ್ ಹುವಾನ್ ಉಳಿದವನನ್ನು ಬಿಡುಗಡೆಯ ಹಣ ಪಡೆಯದೆ, ತನ್ನ ಕಡೆಯಿಂದಲೂ ಕಾಣಿಕೆಗಳನ್ನಿತ್ತು ಕಳುಹಿಸಿಕೊಟ್ಟನು. ತಂದೆಯನ್ನು ಕಳೆದುಕೊಂಡ ಹುಡುಗನ ವಿಷಯದಲ್ಲಿ ಅವನಿಗೆ ಇಷ್ಟು ಮೃದುತ್ವ ಎಲ್ಲಿಂದ ಬಂದಿತೆಂದು ಹೇಳಬೇಕಾಗಿಲ್ಲ.

ಆ ಭಾನುವಾರ ರೋಮಿನಲ್ಲಿ ಜಪಸರ ಸಂಘದವರು ಮೆರವಣಿಗೆಯಲ್ಲಿ ಪ್ರಾರ್ಥಿಸುತ್ತಿದ್ದರು. ಜಗದ್ಗುರುಗಳು ವಿಜಯವನ್ನು ಮಾತೆ ಮರಿಯಮ್ಮನವರ ಕೃಪೆಯೆಂದು ಸಾರಿದರು. 1573ರಲ್ಲಿ ಹದಿಮೂರನೆಯ ಗ್ರೆಗೊರಿಯವರು ಅದನ್ನು ಜಪಸರದ ಹಬ್ಬವಾಗಿಸಿದರು. ಜಪಸರ ಭಕ್ತಿಯು ಯುದ್ಧದಿಂದ ಹುಟ್ಟಿದ್ದಲ್ಲ. ಮಂಗಳೂರಿನ ರೊಸಾರಿಯೊ ದೇವಾಲಯ ಸ್ಥಾಪನೆಯಾದದ್ದೇ 1568ರಲ್ಲಿ. ಅಂದು ವಶಪಡಿಸಿಕೊಂಡ ತುರ್ಕರ ಧ್ವಜವೊಂದನ್ನು 1965ರಲ್ಲಿ ಜಗದ್ಗುರು ಆರನೆಯ ಪೌಲರು ತುರ್ಕಿಗೆ ಹಿಂದಿರುಗಿಸಿದರು ಎಂಬುದನ್ನೂ ನಮ್ಮ ಮಕ್ಕಳಿಗೆ ಹೇಳಬೇಕು.

ವಿಜಯದ ಫಲ ಬೇಗನೆ ಕರಗಿತು. ಸೈಪ್ರಸ್ ಮರಳಿ ಸಿಗಲಿಲ್ಲ. ಒಂದು ವರ್ಷದೊಳಗೆ ತುರ್ಕರು ಹೊಸ ನೌಕಾಪಡೆ ಕಟ್ಟಿದರು. 1573ರಲ್ಲಿ ವೆನಿಸ್ ಪ್ರತ್ಯೇಕವಾಗಿ ಸಂಧಿ ಮಾಡಿಕೊಂಡಿತು. ಡಾನ್ ಹುವಾನ್ ಆ ವರ್ಷ ಟ್ಯೂನಿಸ್ ಗೆದ್ದನು, ಮರುವರ್ಷ ಅದೂ ಕೈಬಿಟ್ಟಿತು. ತನಗೊಂದು ರಾಜ್ಯ, ತಲೆಗೊಂದು ಕಿರೀಟ ಬೇಕೆಂಬ ಹಂಬಲ ಬೆಳೆಯುತ್ತ ಹೋಯಿತು. ಅಣ್ಣನ ಅನುಮಾನವೂ ಅಷ್ಟೇ ಬೆಳೆಯಿತು.

1576ರಲ್ಲಿ ದಂಗೆಯ ಬೆಂಕಿಯಲ್ಲಿದ್ದ ನೆದರ್ಲೆಂಡ್ಸಿಗೆ ಅವನನ್ನು ರಾಜ್ಯಪಾಲನಾಗಿ ಅಟ್ಟಿದರು. ಸೇವಕನ ವೇಷದಲ್ಲಿ ಫ್ರಾನ್ಸನ್ನು ದಾಟಿ ಲಕ್ಸೆಂಬರ್ಗ್ ಸೇರಿದನು. ಅಲ್ಲಿ ಹೆತ್ತ ತಾಯಿ ಬಾರ್ಬರಾಳನ್ನು ಕಂಡನು. ಕರ್ಣನ ಬಳಿಗೆ ಬಂದ ಕುಂತಿಯನ್ನು ಬಲ್ಲ ನಮಗೆ ಈ ಭೇಟಿಯ ಭಾರ ಬೇಗ ಅರ್ಥವಾಗುತ್ತದೆ. ಆದರೆ ಇಲ್ಲಿ ಕರೆಸಿಕೊಂಡವನು ಮಗ. ವಿಧವೆಯಾದ ಅವಳ ಜೀವನಕ್ರಮದಿಂದ ರಾಜಮನೆತನಕ್ಕೆ ಮುಜುಗರವಾಗಿತ್ತು. ಅವಳನ್ನು ಸ್ಪೇನಿಗೆ ಸಾಗಿಸುವುದು ಭೇಟಿಯ ಉದ್ದೇಶವಾಗಿತ್ತು. ಸ್ಪೇನಿನಲ್ಲಿ ಅವಳನ್ನು ಬರಮಾಡಿಕೊಂಡವಳು ಮತ್ತೆ ಅದೇ ಡೋನ್ಯಾ ಮಗ್ದಲೇನಾ.

ಅಲ್ಲಿ ಅವನು ಗೆದ್ದದ್ದು ಒಂದು ಯುದ್ಧ, ಸೋತದ್ದು ಉಳಿದೆಲ್ಲವನ್ನು. ಹಣ ಬರಲಿಲ್ಲ, ಪತ್ರಗಳಿಗೆ ಉತ್ತರ ಬರಲಿಲ್ಲ. ಹಣ ಕೇಳಲು ಕಳುಹಿಸಿದ ಕಾರ್ಯದರ್ಶಿ ಎಸ್ಕೋಬೆದೊ 1578ರ ಮಾರ್ಚಿನಲ್ಲಿ ಮ್ಯಾಡ್ರಿಡ್ ಬೀದಿಯಲ್ಲಿ ಕೊಲೆಯಾದನು. ಅದೇ ಅಕ್ಟೋಬರ್ 1ರಂದು ನಮೂರ್ ಬಳಿಯ ಶಿಬಿರದಲ್ಲಿ, ಪಾರಿವಾಳದ ಗೂಡಾಗಿದ್ದ ಕೋಣೆಯೊಂದರಲ್ಲಿ, ಡಾನ್ ಹುವಾನ್ ಜ್ವರದಿಂದ ತೀರಿಕೊಂಡನು. ವಯಸ್ಸು 31. ತಂದೆಯ ಸಮೀಪ ಮಣ್ಣಾಗಬೇಕೆಂಬುದು ಅವನ ಕೋರಿಕೆ. ದೇಹವನ್ನು ಭಾಗಮಾಡಿ ಕುದುರೆಯ ಚೀಲಗಳಲ್ಲಿ ಗುಟ್ಟಾಗಿ ಫ್ರಾನ್ಸ್ ದಾಟಿಸಿದರು. 1579ರಲ್ಲಿ ಎಸ್ಕೋರಿಯಲ್ ಮಠದಲ್ಲಿ, ಬದುಕಿರುವಾಗ ಮಗನೆಂದು ಬಾಯಿಬಿಟ್ಟು ಕರೆಯದಿದ್ದ ತಂದೆಯ ಬಳಿ, ಅವನನ್ನು ಸಮಾಧಿ ಮಾಡಿದರು.

ಅವನಿಗೂ ವಿವಾಹದ ಹೊರಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಒಬ್ಬಳು ನೇಪಲ್ಸಿನ ಮಠವೊಂದರಲ್ಲಿ ಬೆಳೆದಳು. ಹಿರಿಯಳಾದ ಆನಾಳನ್ನು ಡೋನ್ಯಾ ಮಗ್ದಲೇನಾಳೇ ಗುಟ್ಟಾಗಿ ಸಾಕಿ, ಆರರ ಪ್ರಾಯದಲ್ಲಿ ಮದ್ರಿಗಾಲ್ ಊರಿನ ಕನ್ಯಾಮಠಕ್ಕೆ ಸೇರಿಸಿದಳು. ಚಕ್ರವರ್ತಿಯು ಮಗನಿಗೆ ಬಲವಂತ ಬೇಡವೆಂದಾದರೂ ಬರೆದಿಟ್ಟಿದ್ದನು. ಈ ಮಗುವನ್ನು ಯಾರೂ ಕೇಳಲಿಲ್ಲ. ಬೆಳೆದ ಮೇಲೆ ಅವಳು ತಾನು ಪೋರ್ಚುಗಲ್ಲಿನ ರಾಜನೆಂದು ಹೇಳಿಕೊಂಡ ಒಬ್ಬ ಮಿಠಾಯಿಗಾರನನ್ನು ನಂಬಿದಳು. ಅವನು 1595ರಲ್ಲಿ ಗಲ್ಲಿಗೇರಿದನು, ಅವಳಿಗೆ ಬೇರೊಂದು ಮಠದಲ್ಲಿ ಏಕಾಂತವಾಸದ ಶಿಕ್ಷೆಯಾಯಿತು. ಫಿಲಿಪ್ ತೀರಿಕೊಂಡ ಮೇಲೆ, ಅವನ ಮಗನ ಕಾಲದಲ್ಲಿ ಕ್ಷಮೆ ದೊರೆತು, 1611ರಲ್ಲಿ ಅವಳು ಬೂರ್ಗೋಸಿನ ಪ್ರಸಿದ್ಧ ಲಾಸ್ ವೆಲ್ಗಾಸ್ ಮಠದ ಶ್ರೇಷ್ಠಳಾದಳು. ಅಷ್ಟು ಹೊತ್ತಿಗೆ ಡೋನ್ಯಾ ಮಗ್ದಲೇನಾ ಇರಲಿಲ್ಲ. ತನ್ನ ಆಸ್ತಿಯನ್ನು ಬಡವರಿಗೂ ಯೇಸುಸಭೆಯ ವಿದ್ಯಾಲಯಗಳಿಗೂ ಹಂಚಿ 1598ರಲ್ಲಿ ಅವಳು ಕಣ್ಣುಮುಚ್ಚಿದ್ದಳು.